ಯಾರೂ ಬೈಯದ ಹೆಸರು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಕಾರು ಬೂದು ಬಣ್ಣದ್ದು ಎಂದು ನೆನಪು, ನೀಲಿಯೂ ಆಗಿದ್ದೀತು. ಆ ದಿನ ಹೈವೇ ಮೇಲೆ ಹೋದ ಕಾರಿನಲ್ಲಿ ನಾನೂ ಇದ್ದೆನೋ, ಅಥವಾ ಆ ಕತೆಯನ್ನು ಕೇಳಿ ಕೇಳಿ ಇದ್ದೆ ಅನ್ನಿಸುತ್ತಿದೆಯೋ, ಅದೂ ಖಚಿತವಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಆಸ್ಪತ್ರೆಯ ಕೋಣೆಯಲ್ಲಿ ಒಂದು ಮಾತು ಹೇಳಿದ್ದು ನಾನೋ, ಲ್ಯಾಬಿನಲ್ಲಿ ನನ್ನ ಜೊತೆಗಿದ್ದ ಅವರೋ ಎಂಬುದೇ ಈಗ ಗೊತ್ತಾಗುತ್ತಿಲ್ಲ. ಕಾಲೇಜಿನಿಂದಲೂ ದಿನಚರಿ ಬರೆಯುವ ಅಭ್ಯಾಸ ನನಗೆ. ಆಸ್ಪತ್ರೆಯ ದಿನದ ಪುಟ ತೆಗೆದು ನೋಡಿದೆ. "ಆಸ್ಪತ್ರೆಗೆ ಹೋಗಿ ಬಂದೆ. ಮಗು ಕೆಂಪಗಿದೆ. ಮಧ್ಯಾಹ್ನ ಊಟ ತಡ" ಎಂದಷ್ಟೇ ಇದೆ. ಇಷ್ಟು ವರ್ಷ ದಿನಚರಿ ಬರೆದು ನಾನು ಉಳಿಸಿಕೊಂಡದ್ದು ಊಟದ ಹೊತ್ತನ್ನು.

ಅವರ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರಿನಿಂದ ಕರೆಸಿಕೊಳ್ಳುವುದು ಅವರಿಗೆ ಇಷ್ಟವಿರಲಿಲ್ಲ. ನಾನು ಅಕ್ಕ ಎನ್ನುತ್ತಿದ್ದೆ. ಟೆಕ್ಸಸ್ಸಿನ ರಿಚರ್ಡ್‌ಸನ್ ಊರಿನಲ್ಲಿ ನಾವು ಕೆಲಸ ಮಾಡುತ್ತಿದ್ದ ಟೆಲಿಕಾಂ ಕಂಪನಿಯಲ್ಲಿ ಉಳಿದವರೆಲ್ಲ ಫನೂ ಎನ್ನುತ್ತಿದ್ದರು.

ಅವರು ಗದಗಿನ ಕಡೆಯವರು. ನನಗಿಂತ ಹನ್ನೆರಡು ವರ್ಷ ದೊಡ್ಡವರು. ಟೆಸ್ಟಿಂಗ್ ಲ್ಯಾಬಿನಲ್ಲಿ ನಮ್ಮಿಬ್ಬರದು ಎದುರು ಬದುರು ಬೆಂಚು. ಸರ್ಕ್ಯೂಟ್ ಬೋರ್ಡುಗಳನ್ನು ಬಿಸಿ ಮಾಡಿ, ತಣ್ಣಗೆ ಮಾಡಿ, ಅಲುಗಿಸಿ, ಅವು ಯಾವಾಗ ಕೈಕೊಡುತ್ತವೆ ಎಂದು ನೋಡುವುದು ನಮ್ಮ ಕೆಲಸ. ಲ್ಯಾಬಿನ ಪ್ರತಿಯೊಂದು ವೈರಿಗೂ ಡಬ್ಬಿಗೂ ಅಕ್ಕ ಬಿಳಿ ಟೇಪು ಅಂಟಿಸಿ ದುಂಡಗಿನ ಅಕ್ಷರದಲ್ಲಿ ಹೆಸರು ಬರೆದಿಡುತ್ತಿದ್ದರು. ಸ್ಕ್ರೂಗಳಿಗೂ ಅಳತೆವಾರು ಚೀಟಿ. ಹೆಸರಿಲ್ಲದೆ ಇದ್ದದ್ದು ಅವರ ಊಟದ ಡಬ್ಬಿ ಮಾತ್ರ. ಅದಕ್ಕೆ ಚೀಟಿ ಬೇಕಿರಲಿಲ್ಲ, ಶೇಂಗಾ ಚಟ್ನಿಪುಡಿಯ ವಾಸನೆ ಫ್ರಿಜ್ಜಿನ ಬಾಗಿಲು ತೆಗೆಯುವ ಮೊದಲೇ ಹೇಳುತ್ತಿತ್ತು.

ನಾನು ಸೇರಿದ ಮೊದಲ ವಾರ ಅವರ ಕೊರಳಿನ ಗುರುತಿನ ಚೀಟಿ ನೋಡಿ ಗಾಬರಿಯಾಗಿದ್ದೆ. ದೊಡ್ಡ ಅಕ್ಷರದಲ್ಲಿ ಎಫ್, ಎನ್, ಯು. ಅದರ ಕೆಳಗೆ, ಮನೆತನದ ಹೆಸರು ಇರಬೇಕಾದ ಕಡೆ, ಅವರ ನಿಜವಾದ ಹೆಸರು. ನಮ್ಮ ಕಡೆಯವರಿಗೆ ಇದು ಆಗುವುದುಂಟು. ಪಾಸ್‌ಪೋರ್ಟಿನಲ್ಲಿ ಎರಡು ಖಾನೆ, ಒಂದು ಹೆಸರಿಗೆ, ಇನ್ನೊಂದು ಮನೆತನದ ಹೆಸರಿಗೆ. ಮನೆತನದ್ದನ್ನು ಖಾಲಿ ಬಿಟ್ಟರೆ, ಇರುವ ಒಂದೇ ಹೆಸರನ್ನು ಅಮೆರಿಕದ ವೀಸಾದಲ್ಲಿ ಮನೆತನದ ಹೆಸರಿನ ಜಾಗಕ್ಕೆ ಹಾಕುತ್ತಾರೆ. ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಬರೆಯುತ್ತಾರೆ. ಫಸ್ಟ್ ನೇಮ್ ಅನ್‌ನೋನ್. ಮೊದಲ ಹೆಸರು ಗೊತ್ತಿಲ್ಲ ಎಂದು ಅರ್ಥ. ಆಮೇಲೆ ಅದು ಡ್ರೈವಿಂಗ್ ಲೈಸೆನ್ಸಿಗೆ, ಬ್ಯಾಂಕಿಗೆ, ಆಫೀಸಿನ ಈಮೇಲಿಗೆ, ಎಲ್ಲ ಕಡೆಗೂ ಹರಡಿಕೊಳ್ಳುತ್ತದೆ. ಹೆಚ್ಚಿನವರು ಓಡಾಡಿ ಸರಿಮಾಡಿಸಿಕೊಳ್ಳುತ್ತಾರೆ. ಅಕ್ಕನ ವಿಷಯದಲ್ಲಿ ಟೆಕ್ಸಸ್ಸಿನ ಜನ ಆ ಮೂರು ಅಕ್ಷರಗಳ ನಡುವೆ ಒಂದು ಸ್ವರ ಸೇರಿಸಿ, ಫನೂ ಎಂದು ಬಾಯ್ತುಂಬ ಕರೆದುಬಿಟ್ಟಿದ್ದರು.

"ಅಕ್ಕಾ, ಇದನ್ನ ಸರಿ ಮಾಡಿಸಬಾರದಾ? ಎಚ್‌ಆರ್‌ಗೆ ಒಂದು ಫಾರಂ ಕೊಟ್ಟರೆ ಆಯ್ತಲ್ಲ" ಎಂದೆ. ಅವರು ರೊಟ್ಟಿ ಮುರಿಯುತ್ತಿದ್ದರು.

"ಯಾಕ ಸರಿ ಮಾಡ್ಸೂದು?"

"ಅದು ಹೆಸರೇ ಅಲ್ಲ ಅಕ್ಕ."

"ನೋಡ ತಂಗಿ, ಈ ಹೆಸರ್ಲೆ ನನ್ನ ಇನ್ನತನ ಯಾರೂ ಬೈದಿಲ್ಲ" ಎಂದರು. ಹಾಗಂದು ಚಟ್ನಿಪುಡಿಗೆ ಮೊಸರು ಹಾಕಿ ಕಲೆಸಿದರು.

ಈ ಮಾತು ಮಾತ್ರ ಅವರದೇ ಎಂದು ನನಗೆ ಖಾತ್ರಿ. ಮೈಸೂರಿನ ನನ್ನ ಬಾಯಲ್ಲಿ ಅದು ಹುಟ್ಟುವಂಥದ್ದಲ್ಲ. ಅದರ ಹಿಂದೆ ಏನಿತ್ತೆಂದು ನಾನು ಕೇಳಲಿಲ್ಲ. ಮದುವೆಯಾಗಿತ್ತು, ಉಳಿಯಲಿಲ್ಲ, ಇಷ್ಟು ಮಾತ್ರ ಬೇರೆಯವರಿಂದ ಗೊತ್ತಿತ್ತು. ಮುಂದೆ ಒಂದು ದಿನ ತಾವೇ ಹೇಳುತ್ತಾರೆ ಎಂದು ಕಾದೆ. ಅವರು ಹೇಳಲಿಲ್ಲ. ನಾನು ಕೇಳದೆ ಇದ್ದದ್ದು ಮರ್ಯಾದೆಯಿಂದಲೋ ಸೋಮಾರಿತನದಿಂದಲೋ, ಈಗ ತೀರ್ಮಾನಿಸಲಾರೆ.

ಅಮೆರಿಕನ್ನರಿಗೆ ಹೆಸರಿನ ಅರ್ಥ ಕೇಳುವುದೊಂದು ಚಟ. ಎಷ್ಟು ಚೆಂದದ ಹೆಸರು, ಎಷ್ಟು ಅಪರೂಪ, ಏನು ಅರ್ಥ ಎಂದು ಕೇಳುವರು. ಅಕ್ಕ ಒಬ್ಬೊಬ್ಬರಿಗೆ ಒಂದೊಂದು ಹೇಳುತ್ತಿದ್ದರು. ಬಾಗಿಲಲ್ಲಿ ಕೂರುವ ಗಾರ್ಡಿಗೆ "ಕೆಂಪು ಇರುವೆ" ಎಂದಿದ್ದರು. ಆತ ಪ್ರತಿ ಬೆಳಿಗ್ಗೆ ಗೌರವದಿಂದ ಸಲಾಮು ಹಾಕುತ್ತಿದ್ದ. ಮ್ಯಾನೇಜರಿಗೆ "ಸೋಮವಾರ ಸಿಟ್ಟು ಬರುವಾಕಿ" ಎಂದು ಇಂಗ್ಲಿಷಿನಲ್ಲಿ ಗಂಭೀರವಾಗಿ ವಿವರಿಸಿದ್ದರು. ಆ ಮನುಷ್ಯ ಸೋಮವಾರದ ಮೀಟಿಂಗನ್ನು ಮಂಗಳವಾರಕ್ಕೆ ತಳ್ಳಿದ. ನಾನು ನಗು ತಡೆಯಲಾರದೆ ಬೆಂಚಿನ ಕೆಳಗೆ ಬಗ್ಗಿ ಸ್ಕ್ರೂ ಹುಡುಕುವವಳಂತೆ ನಟಿಸಿದ್ದೆ. ಆಗ ಅದು ತಮಾಷೆ. ಈಗ ಆ ಇರುವೆ, ಆ ಸೋಮವಾರ ನೆನಪಾದರೆ ನಗು ಬರುವುದಿಲ್ಲ.

ಡಾನಾಳ ವಿಷಯಕ್ಕೆ ಬರಬೇಕು. ಡಾನಾ ಅದೇ ಲ್ಯಾಬಿನ ಟೆಕ್ನಿಷಿಯನ್. ಟೆಕ್ಸಸ್ಸಿನಲ್ಲೇ ಹುಟ್ಟಿ ಬೆಳೆದವಳು, ದೊಡ್ಡ ದನಿಯವಳು. ಅಕ್ಕ ದಿನಾ ಲೈಟ್‌ರೈಲ್ ಎಂಬ ಊರೊಳಗಿನ ಟ್ರೇನು ಇಳಿದು ಬಿಸಿಲಲ್ಲಿ ನಡೆದು ಬರುವುದನ್ನು ನೋಡಲಾರದೆ ಅವರಿಗೆ ಡ್ರೈವಿಂಗ್ ಕಲಿಸಲು ಹೊರಟಳು. ಸಂಜೆ ಆಫೀಸಿನ ಪಾರ್ಕಿಂಗ್ ಖಾಲಿಯಾದ ಮೇಲೆ ಇಬ್ಬರೂ ಸುತ್ತುತ್ತಿದ್ದರು. ಡಾನಾ ಆಗ ಬಸುರಿ. ಅವಳ ಜೊತೆಗಾರ ಬಿಟ್ಟುಹೋಗಿದ್ದ. ಅಕ್ಕ ಬ್ರೇಕ್ ಹಾಕಿದಾಗಲೆಲ್ಲ ಹೊಟ್ಟೆ ಹಿಡಿದುಕೊಂಡು "ಫನೂ!" ಎಂದು ಅರಚುವಳು. ಅರಚಿದ ಮರುಕ್ಷಣ ಇಬ್ಬರೂ ನಗುವರು. ಅದು ಬೈಗುಳವಾಗಿರಲಿಲ್ಲ. ಅಥವಾ ನಗು ಕೇಳಿಸಿದ್ದರಿಂದ ನಾನು ಹಾಗೆ ಅಂದುಕೊಂಡೆನೋ.

ಅಲ್ಲಿ ಒಂದು ಕಡೆ ಡಾಂಬರು ಬಿರಿದು ಒಂದು ಸೂರ್ಯಕಾಂತಿ ಎದ್ದಿತ್ತು. ಪಾರ್ಕಿಂಗ್ ನೋಡಿಕೊಳ್ಳುವವರು ಅದನ್ನು ಕೀಳದಂತೆ ಅಕ್ಕ ಅದಕ್ಕೂ ಒಂದು ಟೇಪು ಸುತ್ತಿ ಬರೆದಿದ್ದರು: ಟೆಸ್ಟಿಂಗ್ ಲ್ಯಾಬಿನ ಸ್ವತ್ತು, ಮುಟ್ಟಬೇಡಿ. "ನಮ್ಮ ಹೊಲದಾಗ ಹಿಂಗಽ ಬರ್ತಿತ್ತು ತಂಗಿ. ಬಿತ್ತಿರೂದಿಲ್ಲ, ನೀರ ಹಾಕಿರೂದಿಲ್ಲ. ಹಿಂದಿನ ವರ್ಷದ್ದೊಂದು ಕಾಳ ಬಿದ್ದಿರ್ತದ, ತಾನಽ ಏಳ್ತದ. ಅಪ್ಪ ಅದನ್ನ ಕೀಳಲಾಕ ಬಿಡ್ತಿರಲಿಲ್ಲ" ಎಂದರು ಒಮ್ಮೆ. ಇದನ್ನು ನನಗೆ ಹೇಳಿದರೋ, ನನ್ನ ಎದುರಿಗೆ ಡಾನಾಳಿಗೆ ಹೇಳಿದರೋ ತಿಳಿಯದು. ಡಾನಾಳಿಗಾದರೆ ಇಂಗ್ಲಿಷಿನಲ್ಲಿ ಹೇಳಿರಬೇಕು. ನನಗೆ ಕೇಳಿಸುವುದು ಕನ್ನಡದಲ್ಲಿ.

ಅಕ್ಕನಿಗೆ ಲೈಸೆನ್ಸ್ ಸಿಕ್ಕ ಆರನೆಯ ದಿನ, ಹೆರಿಗೆಗೆ ಇನ್ನೂ ಒಂದು ತಿಂಗಳು ಇರುವಾಗಲೇ, ಲ್ಯಾಬಿನಲ್ಲಿ ಡಾನಾಳಿಗೆ ಗರ್ಭದ ನೀರು ಹೋಗತೊಡಗಿತು. ಆಂಬ್ಯುಲೆನ್ಸ್ ಕರೆಯೋಣ ಎಂದು ಯಾರೋ ಫೋನ್ ಹುಡುಕುವಷ್ಟರಲ್ಲಿ ಅಕ್ಕ ಅವಳ ಕಾರಿನ ಕೀಲಿ ಕಿತ್ತುಕೊಂಡು, ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಹೊರಟೇಬಿಟ್ಟರು. ಅದುವರೆಗೆ ಹೈವೇ ಹತ್ತಿದವರಲ್ಲ. ಮಧ್ಯಾಹ್ನದ ಟ್ರಾಫಿಕ್ಕಿನಲ್ಲಿ ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತ ನಲವತ್ತರ ವೇಗ. ಹಿಂದಿನಿಂದ ಹಾರ್ನ್ ಹೊಡೆದವರಿಗೆಲ್ಲ ಕನ್ನಡದಲ್ಲಿ "ಬರ್ತೀವಿ ತಡ್ಯೋ ಮಾರಾಯ, ಕೂಸು ಬರಾಕತ್ತೈತಿ!" ಹಿಂದಿನ ಸೀಟಿನಿಂದ ಡಾನಾ "ಜೋರಾಗಿ ಹೋಗು ಫನೂ, ಜೋರಾಗಿ!" ಎಂದು ಕೂಗುತ್ತಿದ್ದಳಂತೆ. ಅಂತೆ ಎಂದು ಬರೆದೆ. ಮುಂದಿನ ಸೀಟಿನಲ್ಲಿ ಕೂತು ಡ್ಯಾಶ್‌ಬೋರ್ಡಿಗೆ ಕೈ ಒತ್ತಿ ಹಿಡಿದ ನೆನಪೂ ನನಗಿದೆ. ಅಂಗೈಗೆ ತಾಗಿದ ಬಿಸಿಯೂ ನೆನಪಿದೆ. ಆದರೆ ದಿನಚರಿಯಲ್ಲಿ ಅದೂ ಇಲ್ಲ.

ಮರುದಿನ ಆಸ್ಪತ್ರೆಗೆ ಹೋದದ್ದು ಮಾತ್ರ ಖಂಡಿತ. ಅಕ್ಕನೂ ನಾನೂ. ಡಾನಾಳ ತೊಡೆಯ ಮೇಲೆ ಜನನ ಪ್ರಮಾಣಪತ್ರದ ಅರ್ಜಿ ಇತ್ತು. ಹುಟ್ಟಿದ್ದು ಹೆಣ್ಣು ಮಗು. ಎಲ್ಲ ತುಂಬಿದ್ದಳು, ಮಗುವಿನ ಹೆಸರಿನ ಖಾನೆ ಮಾತ್ರ ಖಾಲಿ.

"ಇವಳಿಗೆ ನಿನ್ನ ಹೆಸರೇ ಇಡುತ್ತೇನೆ ಫನೂ. ಮೊದಲು ಹೇಳು, ಈ ಸಲ ನಿಜ ಹೇಳು. ಅದಕ್ಕೆ ಏನು ಅರ್ಥ?" ಎಂದಳು.

ಈ ಸಲ ನಿಜ ಹೇಳು ಎಂದದ್ದು ನನಗೆ ನೆನಪಿದೆ. ನಾನು ಬಾಯಿ ತೆರೆದದ್ದೂ ನೆನಪಿದೆ. ಅಕ್ಕನ ಕೈ ನನ್ನ ಮಣಿಕಟ್ಟಿನ ಮೇಲೆ ಬಂತು. ಅವರ ಬಳೆ ತಣ್ಣಗಿತ್ತು. ಆಮೇಲೆ ನಮ್ಮಿಬ್ಬರಲ್ಲಿ ಒಬ್ಬರು ಹೇಳಿದರು: ಬಿತ್ತದೆ ತಾನಾಗಿ ಎದ್ದ ಪೈರು.

ಡಾನಾ ಅತ್ತಳು. ಪೆನ್ನು ತೆಗೆದುಕೊಂಡು ಅದೇ ಮೂರು ಅಕ್ಷರ ಬರೆದಳು: ಎಫ್, ಎನ್, ಯು.

ಅಕ್ಕನೇ ಹೇಳಿದ್ದರೆ ಅದು ಅವರ ಹೊಲದ ಮಾತು, ಅವರದೇ ಉಡುಗೊರೆ. ನಾನು ಹೇಳಿದ್ದರೆ, ಹೊಲವನ್ನು ಬಸ್ಸಿನ ಕಿಟಕಿಯಿಂದ ಮಾತ್ರ ಕಂಡ ನಾನು, ಆ ಕ್ಷಣದ ಮುಜುಗರ ತಪ್ಪಿಸಲು ಅವರ ಮಾತನ್ನು ಕದ್ದು ಒಂದು ಮಗುವಿಗೆ ಸುಳ್ಳು ಅಂಟಿಸಿದೆ. ಬಳೆಯ ತಣ್ಣಗಿನ ಸ್ಪರ್ಶ ಬೇಡ ಎಂದಿತೋ ಹೇಳು ಎಂದಿತೋ? ವಾಪಸು ಬರುವಾಗ ಲಿಫ್ಟಿನಲ್ಲಿ ಅಕ್ಕ ಒಂದೇ ಮಾತಾಡಿದರು. "ಆ ಕೂಸಿನ್ನ ಯಾರೂ ಬೈಯದಿರಲಿ."

ಕಂಪನಿ ಮುಚ್ಚಿತು. ಎಲ್ಲರೂ ಚದುರಿದೆವು. ಡಾನಾ ಮಗಳೊಂದಿಗೆ ಆಸ್ಟಿನ್ ಹತ್ತಿರದ ರೌಂಡ್ ರಾಕ್‌ಗೆ ಹೋದಳು. ಅಕ್ಕ ಹ್ಯೂಸ್ಟನ್ ಪಕ್ಕದ ಸ್ಟಾಫರ್ಡಿನಲ್ಲಿ ಮನೆ ಮಾಡಿದರು. ನಾನು ರಿಚರ್ಡ್‌ಸನ್ನಿನಲ್ಲೇ ಉಳಿದೆ. ಯುಗಾದಿಗೆ, ದೀಪಾವಳಿಗೆ ಫೋನು. "ಅರಾಮದೀಯ ತಂಗಿ? ಮಗಳು ಕನ್ನಡ ಮಾತಾಡ್ತಾಳೋ, ಬರೇ ತಲಿ ಅಲ್ಲಾಡಸ್ತಾಳೋ?" ಎಂದು ಕೇಳುವರು. ನನ್ನ ಮಗಳು ಆಗಲೂ ತಲೆಯನ್ನೇ ಅಲ್ಲಾಡಿಸುತ್ತಿದ್ದಳು. ಕಾಯಿಲೆಯ ವಿಷಯ ಅವರು ಎತ್ತಲೇ ಇಲ್ಲ. ಕಳೆದ ದೀಪಾವಳಿಗೆ ಅವರ ದನಿ ಸಣ್ಣದಾಗಿತ್ತೇ ಎಂದು ಈಗ ಯೋಚಿಸುತ್ತೇನೆ. ಸಣ್ಣದಾಗಿತ್ತು ಅನ್ನಿಸುತ್ತದೆ. ತೀರಿಕೊಂಡವರ ಕೊನೆಯ ಫೋನಿನಲ್ಲಿ ದನಿ ಯಾವಾಗಲೂ ಸಣ್ಣದಾಗಿಯೇ ನೆನಪಾಗುತ್ತದೆ.

ಈ ವಸಂತದಲ್ಲಿ ಅವರು ಹೋದರು. ನಾಲ್ಕೂವರೆ ಗಂಟೆ ಡ್ರೈವ್ ಮಾಡಿಕೊಂಡು ಹೋದೆ. ಹುಬ್ಬಳ್ಳಿಯಿಂದ ಅವರ ತಮ್ಮ ಬಂದಿದ್ದರು. ಅವರ ರಕ್ತಸಂಬಂಧಿ ಎಂದು ಅಲ್ಲಿದ್ದದ್ದು ಅವರೊಬ್ಬರೇ. ಅಂತ್ಯಕ್ರಿಯೆಯ ಹಾಲಿನ ಬಾಗಿಲಲ್ಲಿ ಅಕ್ಕನ ಹೆಸರಿನ ಬೋರ್ಡು ಇಟ್ಟಿದ್ದರು, ದಾಖಲೆಯಲ್ಲಿ ಇದ್ದ ಹಾಗೆಯೇ. ಆತ ಅದರ ಮುಂದೆ ಬಹಳ ಹೊತ್ತು ನಿಂತಿದ್ದರು.

"ಇದೇನ್ರೀ ಇದು? ನಮ್ಮಕ್ಕನ ಹೆಸರಿನ ಮುಂದ ಯಾರ ಹೆಸರ ಬರದಾರ?" ಎಂದು ನನ್ನನ್ನು ಕೇಳಿದರು.

ವಿವರಿಸಿದೆ. ಅವರಿಗೆ ಸಿಟ್ಟು ಬಂತು. "ಹೆಸರ ಗೊತ್ತಿಲ್ಲ ಅಂದ್ರ ಹೆಂಗ್ರೀ? ನಮ್ಮ ಮನಿತನದ ಅಡ್ಡಹೆಸರ ಇಲ್ಲೇನು? ಅದೆಲ್ಲಿ ಹೋತು?"

ಆಗ ನನಗೆ ಹೊಳೆಯಿತು, ಇಷ್ಟು ವರ್ಷಕ್ಕೆ. ನಾನು ಮೈಸೂರಿನವಳು. ನಮಗೆ ಅಡ್ಡಹೆಸರು ಇಲ್ಲ, ಅಪ್ಪನ ಹೆಸರಿನ ಮೊದಲ ಅಕ್ಷರ ಇದ್ದರೆ ಆಯಿತು. ನಮ್ಮವರ ಖಾನೆ ಖಾಲಿ ಉಳಿಯುವುದು ಸಹಜ. ಅಕ್ಕನದೂ ಹಾಗೇ ಎಂದು ತಿಳಿದಿದ್ದೆ. ಆದರೆ ಗದಗಿನ ಕಡೆ ಅಡ್ಡಹೆಸರಿಲ್ಲದ ಮನೆ ಎಲ್ಲಿದೆ? ಅವರದು ಒಂದು ತರಕಾರಿಯ ಹೆಸರು, ಕೇಳಿದವರು ಮರೆಯದಂಥದ್ದು. ಬರೆಯಲು ಹೆಸರು ಇತ್ತು. ಬೇಕೆಂದಿದ್ದರೆ ಗಂಡನ ಮನೆಯದೂ ಇತ್ತು. ಆದರೂ ಖಾನೆ ಖಾಲಿ.

"ಪಾಸ್‌ಪೋರ್ಟಿನ ಅರ್ಜಿ ನಾನಽ ತುಂಬಿದ್ದೆ. ಬಿಎಸ್ಸಿ ಓದತಿದ್ದೆ ಆವಾಗ. ಅಕ್ಕ ಹೇಳ್ಕೋತ ಹೋದ್ಲು, ನಾ ಬರಕೋತ ಹೋದೆ..." ಎಂದರು ಆತ. ಅಷ್ಟರಲ್ಲಿ ಯಾರೋ ಹೂವಿನ ಬುಟ್ಟಿ ತಂದಿಟ್ಟರು, ಮಾತು ಅಲ್ಲಿಗೇ ನಿಂತಿತು. ರೌಂಡ್ ರಾಕ್‌ನಿಂದ ಬಂದ ಬುಟ್ಟಿ. ಚೀಟಿಯಲ್ಲಿ ಹೀಗಿತ್ತು: ಫನೂಗೆ, ಫನೂಳಿಂದ. ಆತ ಅದನ್ನು ಎರಡು ಸಲ ಓದಿ ನನ್ನ ಮುಖ ನೋಡಿದರು. ಅವರ ನಂಬರ್ ತೆಗೆದುಕೊಂಡು ಬಂದೆ.

ಹೋದ ವಾರ ಆ ಇನ್ನೊಬ್ಬ ಫನೂಳಿಂದ ಈಮೇಲ್ ಬಂತು. ಅವಳಿಗೀಗ ಹದಿನೇಳು. ಆಸ್ಟಿನ್ನಿನ ಯೂನಿವರ್ಸಿಟಿಗೆ ಅರ್ಜಿ ಹಾಕುತ್ತಿದ್ದಾಳೆ. ಅರ್ಜಿಯ ಜೊತೆ ತನ್ನ ಬಗ್ಗೆ ಒಂದು ಪ್ರಬಂಧ ಕೊಡಬೇಕು. ತನ್ನ ಹೆಸರಿನ ಮೇಲೆ ಬರೆದಿದ್ದಾಳೆ. "ಯಾರೂ ಬಿತ್ತದೆ ಎದ್ದ ಪೈರು, ಅಪ್ಪನಿಲ್ಲದೆ ಬೆಳೆದ ನಾನು" ಎಂದು. ಯಾವ ಭಾಷೆಯ ಪದ ಎಂದು ಖಚಿತ ಮಾಡಿಕೊಳ್ಳಲು ನೆಟ್ಟಿನಲ್ಲಿ ಹುಡುಕಿದಳಂತೆ. "ಅಲ್ಲಿ ಬೇರೇನೋ ಬರುತ್ತಿದೆ ಆಂಟಿ. ಅದು ಸುಳ್ಳು ಅಲ್ಲವಾ?" ಎಂದು ಕೇಳಿದ್ದಳು. ಕೊಡಲು ಇನ್ನು ಹನ್ನೊಂದು ದಿನ.

ಮೂರು ದಿನ ಉತ್ತರ ಬರೆದು ಬರೆದು ಅಳಿಸಿದೆ. ಅಡುಗೆ ಮಾಡುತ್ತ ಫೋನ್ ತೆಗೆದು ಮತ್ತೆ ಅದೇ ಈಮೇಲ್ ಓದುವೆ, ಒಗ್ಗರಣೆ ಸೀಯುವುದು. ಮಗಳು ನೋಡಿ ನೋಡಿ ಸಾಕಾಗಿ, "ಅಮ್ಮಾ, ಜಸ್ಟ್ ಟೆಲ್ ಹರ್" ಎಂದಳು.

"ಏನಂತ ಹೇಳ್ಲಿ? ನಿನ್ನ ಹೆಸರು ಒಂದು ಖಾಲಿ ಜಾಗ ಅಂತಲಾ?"

"ವೆಲ್, ಈಸ್ ಇಟ್?" ಎಂದು ತಟ್ಟೆ ಎತ್ತಿಕೊಂಡು ಹೋದಳು.

ನಾಲ್ಕನೆಯ ದಿನ ಫೋನ್ ಮಾಡಿದೆ. ಎಲ್ಲ ಹೇಳಿದೆ. ವೀಸಾ, ಖಾನೆ, ಇರುವೆ, ಸೋಮವಾರ, ಸೂರ್ಯಕಾಂತಿ, ಬಳೆ. ಆ ಮಾತು ನನ್ನದೋ ಅಕ್ಕನದೋ ಗೊತ್ತಿಲ್ಲ ಎಂದೂ ಹೇಳಿದೆ. ಲೈನ್ ಕಟ್ಟಾಯಿತೇ ಎಂದು ನಾನು ಹಲೋ ಹಲೋ ಎಂದೆ.

"ಇದ್ದೇನೆ" ಎಂದಳು. ತಾಯಿಯ ಹಾಗಲ್ಲ, ಮೆಲ್ಲಗಿನ ದನಿ. "ಅಮ್ಮನಿಗೆ ಹೇಳಬೇಡಿ. ಆ ಕಾರಿನ ಕತೆ, ಹೆಸರಿನ ಕತೆ ಅವಳು ಪ್ರತಿ ಹುಟ್ಟುಹಬ್ಬಕ್ಕೆ ಹೇಳ್ತಾಳೆ."

"ಇಲ್ಲ, ಹೇಳಲ್ಲ."

"ಕಾರಿನಲ್ಲಿ ನೀವೂ ಇದ್ದಿರಿ ಅಂತಾಳೆ ಅಮ್ಮ. ಮುಂದಿನ ಸೀಟಿನಲ್ಲಿ ಕೂತು ಅಳ್ತಿದ್ದಿರಂತೆ."

ಅಳು ನನಗೆ ನೆನಪೇ ಇರಲಿಲ್ಲ.

"ಒಂದು ಕೇಳಲಾ ಆಂಟಿ?" ಎಂದಳು. "ಮೊದಲ ಹೆಸರು ಗೊತ್ತಿಲ್ಲ ಅಂತ ವೀಸಾದವರು ಬರೆದರಲ್ಲ. ಆ ಫನೂ ಆಂಟಿ ಮನೆತನದ ಹೆಸರು ಬರೆಯೋದು ಮರೆತು ಹಾಗಾಯ್ತಾ? ಅಥವಾ ಬೇಕಂತಲೇ ಬರೆಯಲಿಲ್ಲವಾ?"

"ಯಾಕಮ್ಮ?"

"ಮರೆತಿದ್ದರೆ ನನ್ನ ಹೆಸರು ಒಂದು ತಪ್ಪು. ಬೇಕಂತ ಬಿಟ್ಟಿದ್ದರೆ ಅದು ಅವರು ಮಾಡಿದ್ದು. ಎರಡರಲ್ಲಿ ಯಾವುದಾದರೂ ಬರೀತೀನಿ. ಗೊತ್ತಿರಬೇಕು ಅಷ್ಟೆ."

ಅಕ್ಕ ಇದ್ದಿದ್ದರೆ ಈ ಹುಡುಗಿಗೆ ಏನು ಹೇಳುತ್ತಿದ್ದರು? ಹೊಸದೊಂದು ಅರ್ಥ ಕಟ್ಟಿ ಹೇಳಿ ನನ್ನ ಕಡೆ ಕಣ್ಣು ಮಿಟುಕಿಸುತ್ತಿದ್ದರೋ ಏನೋ. ಅಥವಾ ರೊಟ್ಟಿ ಮುರಿಯುತ್ತ, ಯಾಕ ಬರೀಬೇಕಿತ್ತು ಎನ್ನುತ್ತಿದ್ದರು. ಅವರ ಬಾಯಲ್ಲಿ ನಾನೇ ಮಾತು ತುಂಬುತ್ತಿದ್ದೇನೆ, ಮತ್ತೆ. ಇನ್ನೊಮ್ಮೆ ಆ ಕೆಲಸ ಮಾಡಬಾರದು.

ಆ ಪಾಸ್‌ಪೋರ್ಟಿನ ಅರ್ಜಿಯ ಮುಂದೆ ಕೂತಿದ್ದವರಲ್ಲಿ ಉಳಿದಿರುವುದು ಒಬ್ಬರೇ. ಅವರ ತಮ್ಮನಿಗೆ ವಾಟ್ಸ್ಯಾಪಿನಲ್ಲಿ ಬರೆದೆ. ನಾನು ಯಾರೆಂದು ನೆನಪಿಸಿದೆ, ಹುಡುಗಿಯ ವಿಷಯ ತಿಳಿಸಿದೆ. ಕಳಿಸಿ ಐದು ದಿನವಾಯಿತು. ಎರಡು ನೀಲಿ ಗೆರೆ ಮೂಡಿವೆ. ಒಮ್ಮೆ ಏನೋ ಟೈಪ್ ಮಾಡುತ್ತಿರುವುದು ಕಾಣಿಸಿತು, ನಿಂತುಹೋಯಿತು. ತನ್ನ ಕೈತಪ್ಪನ್ನು ಇಷ್ಟು ವರ್ಷದ ಮೇಲೆ ಒಪ್ಪಿಕೊಳ್ಳಲು ಆತನಿಗೆ ಕಷ್ಟವಾಗಿದೆಯೇ, ಅಕ್ಕ ಅಪ್ಪನ ಮನೆಯ ಹೆಸರನ್ನೂ ಬೇಡ ಎಂದದ್ದನ್ನು ಹೇಳಲು ಕಷ್ಟವಾಗಿದೆಯೇ, ಅಥವಾ ಆತನಿಗೂ ನನ್ನ ಹಾಗೆ ಬರೀ ಊಟದ ಹೊತ್ತು ನೆನಪಿದೆಯೇ, ತಿಳಿಯದು. ಹುಡುಗಿಗೆ ಇನ್ನು ಮೂರು ದಿನ ಉಳಿದಿದೆ. ಫೋನನ್ನು ಮೇಜಿನ ಮೇಲೆ ಮುಖ ಮೇಲಾಗಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕಳಿಸಿದ ಸಂದೇಶದ ಕೊನೆಯ ಸಾಲು ಕಾಣುತ್ತಿದೆ:

"ಅಡ್ಡಹೆಸರಿನ ಖಾನೆ ಬಂದಾಗ ಅಕ್ಕ ಏನಂದರು ಸರ್?"